ಗಿರಿಗದ್ದೆಯ ಊಟ, ತುಂಬೆಯ ನೀರು
ಮಂಗಳೂರಿನಿಂದ ಸುಬ್ರಹ್ಮಣ್ಯಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅಲ್ಲಿಳಿದ ಚಾರಣಿಗರ ಕಣ್ಣೆಲ್ಲ 1712 ಮೀಟರ್ ಎತ್ತರದ ಕುಮಾರಪರ್ವತದ ತುದಿಯ ಮೇಲೆ. ನನಗಂತೂ ನಡುದಾರಿಯ ಗಿರಿಗದ್ದೆಯೇ ಹೆಚ್ಚು. ಕಾಡಿನ ಕಾಲುದಾರಿಯಲ್ಲಿ ಅಕ್ಕಿ, ಬೇಳೆ ಹೊತ್ತು ತಂದು, ಬಂದವರಿಗೆಲ್ಲ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುವ ಅಲ್ಲಿನ ಭಟ್ಟರ ಮನೆಯ ಪದ್ಧತಿ ದಶಕಗಳಷ್ಟು ಹಳೆಯದು. ಬೇರು, ಬಂಡೆ ಹಿಡಿದು ಏರಿ, ಕಾಲಿಗಂಟಿದ ಜಿಗಣೆ ಕಿತ್ತೊಗೆದು, ಬೆವರೊರೆಸಿಕೊಂಡು ಆ ಜಗಲಿಯಲ್ಲಿ ಕೂತು ಅನ್ನ ಕಲಸುವಾಗಿನ ತೃಪ್ತಿ ನನಗೆ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ. ಉಂಡ ತಟ್ಟೆ ನಾವೇ ತೊಳೆದಿಡಬೇಕು, ಅದೇ ಸರಿ. ಆ ಬೆಟ್ಟದ ಕುಮಾರಧಾರೆ ಹೊಳೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ತುಂಬೆ ಅಣೆಕಟ್ಟಿನ ಮೂಲಕ ನಮ್ಮ ಮಂಗಳೂರಿನ ನಲ್ಲಿಗೆ ಬರುತ್ತದೆ. ಚಾರಣದ ದಾರಿಯಲ್ಲಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿ ಕಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ.