ಓದಿನ ಖಿರ್ದಿ, ಓದಿನ ಖತಾವಣಿ

ದೀಪಾವಳಿಯ ಪಾಡ್ಯದಂದು ನಮ್ಮ ಸೀಮೆಯ ವರ್ತಕರು ಹಳೆಯ ಲೆಕ್ಕದ ಪುಸ್ತಕಗಳನ್ನು ಕಟ್ಟಿಟ್ಟು ಹೊಸವನ್ನು ಪೂಜಿಸಿ ತೆರೆಯುವ ಪದ್ಧತಿಯನ್ನು ನೀವೆಲ್ಲ ಬಲ್ಲಿರಿ. ವರ್ತಕರಲ್ಲದ ನಾವೂ 2024ರ ನವೆಂಬರ್ 2ರಂದು, ಬಲಿಪಾಡ್ಯಮಿಯ ದಿನ, ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತರಿಸಿ, ವಿಭೂತಿ ಧರಿಸಿ, ಮೊದಲ ಪುಟ ತೆರೆದೆವು. ಅದರಲ್ಲಿ ಬರೆಯತಕ್ಕದ್ದು ಜೋಳ-ಶೇಂಗಾದ ಲೆಕ್ಕವಾಗಿರಲಿಲ್ಲ. ವರ್ಷವಿಡೀ ನಾವು ಓದುವ ಗ್ರಂಥಗಳ ಲೆಕ್ಕ.

ಇಂಥದೊಂದು ವ್ಯವಹಾರಕ್ಕೆ ಅರವತ್ತು ದಾಟಿದ ವಯಸ್ಸಿನಲ್ಲಿ ಕೈಹಾಕಲು ಕಾರಣಳಾದವಳು ನಮ್ಮ ಮೊಮ್ಮಗಳು. ಮನೆಯ ಹಿರಿಯರು ಇತ್ತೀಚೆಗೆ ಓದಿದ ಐದು ಪುಸ್ತಕಗಳ ಹೆಸರು ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ನಾವು ಗಂಭೀರವಾಗಿ ಐದು ಹೆಸರುಗಳನ್ನು ಹೇಳಿದೆವು. ಹುಡುಗಿ ಬರೆದುಕೊಂಡು, ಪೆನ್ಸಿಲ್ಲನ್ನು ಗಲ್ಲಕ್ಕೆ ಒತ್ತಿ, "ಅಜ್ಜಾ, ಐದೂ ಒಂದೇ ನಮೂನಿ ಅದಾವಲ್ಲ" ಎಂದಳು. ಐದೂ ವಚನ ಮತ್ತು ಶಾಸ್ತ್ರಕ್ಕೆ ಸಂಬಂಧಪಟ್ಟವು. ವಿದ್ವಾಂಸರೆಂದು ಕರೆಯಿಸಿಕೊಂಡು ನಾಲ್ಕು ದಶಕಗಳಾದ ಮೇಲೆ ನಮಗೆ ಈ ಪ್ರಶ್ನೆಯನ್ನು ಕೇಳಿದವಳು ಏಳನೆಯ ಇಯತ್ತೆಯ ಹುಡುಗಿ.

ಲೆಕ್ಕದ ಕ್ರಮವನ್ನು ನಾವು ಕಲಿತದ್ದು ಮಠದಲ್ಲಿ. ಪ್ರಸಾದನಿಲಯದ ಹುಡುಗರಾಗಿದ್ದಾಗ ಉಗ್ರಾಣದ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರಿಗೆ ಸಹಾಯಕ್ಕೆ ಕೂಡುತ್ತಿದ್ದೆವು. ಆಯಾ ದಿನ ಬಂದದ್ದು, ಹೋದದ್ದು ಮೊದಲು ಖಿರ್ದಿಯಲ್ಲಿ ತಾರೀಖಿನ ಪ್ರಕಾರ ಏರಬೇಕು. ಆಮೇಲೆ ಅಕ್ಕಿಗೆ ಅಕ್ಕಿಯ ಖಾತೆ, ಬೇಳೆಗೆ ಬೇಳೆಯ ಖಾತೆ, ಸೌದೆಗೆ ಸೌದೆಯ ಖಾತೆ ಎಂದು ಖತಾವಣಿಗೆ ಇಳಿಯಬೇಕು. ಖಿರ್ದಿ ಮಾತ್ರ ನೋಡಿದರೆ ಉಗ್ರಾಣ ತುಂಬಿದಂತೆ ಕಾಣುತ್ತದೆ. ಬೇಳೆ ಮುಗಿದದ್ದು ತಿಳಿಯುವುದು ಖತಾವಣಿಯಲ್ಲಿಯೇ ಎಂದು ಆ ಹಿರಿಯರು ಹೇಳುತ್ತಿದ್ದರು. ಅದೇ ಪದ್ಧತಿಯನ್ನು ಓದಿಗೂ ಹಚ್ಚಿದೆವು. ಪುಸ್ತಕದ ಹೆಸರು, ಕರ್ತೃ, ಪುಟಗಳ ಸಂಖ್ಯೆ, ಎಲ್ಲಿಂದ ತಂದದ್ದು, ಹಿಡಿದ ದಿನ, ಮುಗಿಸಿದ ದಿನ, ಕೊನೆಗೆ ಅಭಿಪ್ರಾಯದ ಒಂದೇ ಒಂದು ಸಾಲು: ಇಷ್ಟು ಖಿರ್ದಿಯಲ್ಲಿ. ಅಮಾವಾಸ್ಯೆಗೊಮ್ಮೆ ಖತಾವಣಿಗೆ ಇಳಿಸುವುದು. ಎಂಟು ಖಾತೆಗಳು: ವಚನ-ಶಾಸ್ತ್ರ, ಹಳೆಯ ಕಾವ್ಯ, ಹೊಸ ಕಾವ್ಯ, ಕಥೆ-ಕಾದಂಬರಿ, ನಾಟಕ, ಜೀವನಚರಿತ್ರೆ, ಪ್ರವಾಸ, ವಿಜ್ಞಾನ. ಖಾತೆಗೆ ಆರರಂತೆ ವರ್ಷಕ್ಕೆ 48 ಗ್ರಂಥಗಳೆಂದು ಸಂಕಲ್ಪ.

ಖಾತೆಗಳನ್ನು ಎಳೆದದ್ದು ಸುಲಭ. ಪುಸ್ತಕಗಳು ಅವುಗಳಲ್ಲಿ ಕೂಡ್ರಲು ಒಪ್ಪಲಿಲ್ಲ. ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಿರಿ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ವರು ಅದನ್ನು ಸಂಪಾದಿಸಿದ್ದಾರೆ. ಒಳಗಿರುವುವು ವಚನಗಳು, ಜೋಡಣೆ ಸಂವಾದದ್ದು, ಆದುದರಿಂದ ಓದುವಾಗ ನಾಟಕ, ಸಾಗುವುದು ಶರಣರ ಚರಿತ್ರೆ. ಹರಿಹರನ ಬಸವರಾಜದೇವರ ರಗಳೆ ಹಳೆಯ ಕಾವ್ಯವೋ ಜೀವನಚರಿತ್ರೆಯೋ? 1993ರಲ್ಲಿ ಸರಕಾರ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯವನ್ನು ಓದಿದವನು ಒಂದು ಗ್ರಂಥ ಓದಿದನೆಂದು ಬರೆಯಬೇಕೇ, ಹದಿನೈದೆಂದು ಬರೆಯಬೇಕೇ? ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯೆಂಬುದು ನಿಜ. ಆದರೆ ಓದಿ ಮುಗಿಸಿದವನ ಕಣ್ಣು ಹಲ್ಲಿ-ಓತಿಕ್ಯಾತಗಳನ್ನು ಹುಡುಕತೊಡಗಿದರೆ ಅದನ್ನು ವಿಜ್ಞಾನದ ಖಾತೆಗೆ ಜಮಾ ಮಾಡಿದರೆ ತಪ್ಪೇನು? ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಪುಸ್ತಕ ಯಾವ ಖಾತೆಯದೆಂದು ಪ್ರಕಾಶಕರು ಹೇಳಿದ್ದಾರೆಂಬುದು ಮುಖ್ಯವಲ್ಲ. ಅದು ನಮ್ಮಲ್ಲಿ ಏನನ್ನು ತುಂಬಿತೋ ಆ ಖಾತೆಗೆ ಸಲ್ಲಲಿ. ಈ ನಿಯಮ ಮೋಸಕ್ಕೂ ಅನುಕೂಲವಾಗಿತ್ತೆಂಬುದು ಮುಂದೆ ತಿಳಿಯಿತು.

2025ರ ಯುಗಾದಿಯ ಹೊತ್ತಿಗೆ 21 ಗ್ರಂಥಗಳಾಗಿದ್ದವು. ಸಂಖ್ಯೆ ನೋಡಿ ಸಂತೋಷಪಟ್ಟು ಖತಾವಣಿ ತೆರೆದೆವು. ವಚನ-ಶಾಸ್ತ್ರ 9, ಹಳೆಯ ಕಾವ್ಯ 5. ಕಾದಂಬರಿ, ನಾಟಕ, ಜೀವನಚರಿತ್ರೆ ತಲಾ ಎರಡು. ಪ್ರವಾಸ ಒಂದು, ಅದೂ ಹಂಪಿಯ ಮೇಲಿನ ಮಮತೆಯಿಂದ ಹಿಡಿದ ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ'. ಹೊಸ ಕಾವ್ಯ ಸೊನ್ನೆ, ವಿಜ್ಞಾನ ಸೊನ್ನೆ. ಉಗ್ರಾಣದಲ್ಲಿ ಅಕ್ಕಿಯ ಮೇಲೆ ಅಕ್ಕಿ ಬಿದ್ದಿತ್ತು.

ಮರುದಿನವೇ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಹೋದೆವು. ಈಗ ಅದಕ್ಕೆ ಅರಿವು ಕೇಂದ್ರವೆಂದು ಹೆಸರು. ವಿಜ್ಞಾನದ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಡಿ.ವಿ.ಜಿ.ಯವರ ಮಗನೆಂಬ ಗೌರವದಿಂದ ತಂದೆವೇ ಹೊರತು ಸಸ್ಯಗಳ ಮೇಲಿನ ಪ್ರೀತಿಯಿಂದಲ್ಲ. ಅಧ್ಯಾಪಕರೊಬ್ಬರು ಶಿಷ್ಯರನ್ನು ಕಟ್ಟಿಕೊಂಡು ಕಾಡು ತಿರುಗಿ ಗಿಡಮರಗಳನ್ನು ತೋರಿಸುವ ಕಥನವದು, ಚಿತ್ರಗಳೂ ಅವರವೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಈ ಗ್ರಂಥವನ್ನು ಇಷ್ಟು ವರ್ಷ ನಾವು ಮುಟ್ಟದೆ ಇದ್ದುದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣವಿಲ್ಲ. ರಾತ್ರಿ ಒಬ್ಬರೇ ಕುಳಿತು ನಗುತ್ತಿದ್ದುದನ್ನು ಕೇಳಿ ಮಗ ಬಂದು ಇಣುಕಿ ಹೋದ. ಅದನ್ನು ಮುಗಿಸಿದ ಬೆಳಗ್ಗೆ ಪೂಜೆಗೆ ಪತ್ರಿ ಬಿಡಿಸುವಾಗ ಕೈ ನಿಂತಿತು. ಐವತ್ತು ವರ್ಷ ಬಿಡಿಸಿದ ಬಿಲ್ವಪತ್ರೆಯನ್ನು ನಾವು ಅಂದು ಮೊದಲ ಬಾರಿ ನೋಡಿದೆವೆಂದು ಹೇಳಬೇಕು. ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರನ್ನು ಕೇಳಿದೆವು. ಮೂರು ಎಲೆಯೆಂದು ನಾವು ಎಣಿಸುವುದು ಅವರ ಶಾಸ್ತ್ರದಲ್ಲಿ ಮೂರು ಕಿರುಎಲೆಗಳುಳ್ಳ ಒಂದೇ ಎಲೆ. ಬಿಲ್ವವು ನಿಂಬೆ-ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಎಲೆಯನ್ನು ಹೊಸಕಿ ಮೂಸಿದರೆ ಆ ಸಂಬಂಧ ಮೂಗಿಗೂ ತಿಳಿಯುತ್ತದೆ. ಶಾಸ್ತ್ರಗ್ರಂಥಗಳ ಒಂಬತ್ತು ನಮೂದುಗಳ ಪಕ್ಕದಲ್ಲಿ ವಿಜ್ಞಾನದ ಆ ಒಂದು ನಮೂದು ನಮಗೆ ಬಹಳ ದೊಡ್ಡದಾಗಿ ಕಂಡಿತು.

ಅಲ್ಲಿಂದ ಮುಂದೆ ಖಾತೆಗಳು ಸ್ವಲ್ಪ ಸ್ವಲ್ಪವಾಗಿ ತುಂಬತೊಡಗಿದವು. ಕಲಬುರ್ಗಿ ನಾಡಿನ ಗೀತಾ ನಾಗಭೂಷಣರ 'ಬದುಕು' ಓದಿದೆವು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅವರ ಕಥೆಗಳನ್ನು ಕನ್ನಡದಲ್ಲಿ ಅದುವರೆಗೆ ಓದಿರದ ನಾಚಿಕೆ ಕಳೆಯಲು ಅವನ್ನೂ ತರಿಸಿದೆವು. ಅಲ್ಲಿ ಬರುವ ಮನೆಗಳ ಒಳಕೋಣೆಗಳು ನಮ್ಮ ಮನೆಗಳ ಒಳಕೋಣೆಗಳಿಗಿಂತ ದೂರದಲ್ಲಿಲ್ಲ.

ಆದರೆ ಶ್ರಾವಣದಲ್ಲಿ ಒಂದು ತಪ್ಪು ಮಾಡಿದೆವು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಿಡಿದೆವು. ಇಟ್ಟಿಗೆಯ ಗಾತ್ರದ ಕಾದಂಬರಿ. ಕಾಲು ಭಾಗ ಸಾಗುವಷ್ಟರಲ್ಲಿ ಭಾದ್ರಪದ ಬಂತು. ಖತಾವಣಿ ತೆರೆದರೆ ಹದಿನೈದು ಗ್ರಂಥಗಳು ಹಿಂದೆ ಬಿದ್ದಿವೆ. ಜೊತೆಗೆ ಇನ್ನೊಂದು ಸಂಗತಿ: ನಾವು ಪಾಡ್ಯದಿಂದ ಪಾಡ್ಯಕ್ಕೆ ವರ್ಷ ಹಿಡಿದಿದ್ದೆವಷ್ಟೆ, ಮುಂದಿನ ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೇ ಬಂದಿತ್ತು. ಎಂದರೆ 354 ದಿನಗಳ ವರ್ಷ! ಚಾಂದ್ರಮಾನದ ಲೆಕ್ಕ ಬಲ್ಲವರಾಗಿಯೂ ಹನ್ನೊಂದು ದಿನಗಳನ್ನು ಕಳೆದುಕೊಂಡೆವು. ಈ ದಪ್ಪ ಗ್ರಂಥ ಮುಗಿದರೂ ಖಾತೆಗೆ ಬೀಳುವುದು ಒಂದೇ ಅಂಕ. ಅದನ್ನು ಕಪಾಟಿನಲ್ಲಿಟ್ಟು ತೆಳ್ಳಗಿನ ನಾಟಕಗಳನ್ನು ತೆಗೆದೆವು. 'ಜಲಗಾರ', 'ಯಯಾತಿ', 'ತುಘಲಕ್', 'ತಲೆದಂಡ', ನಲವತ್ತು ದಿನಗಳಲ್ಲಿ ನಾಲ್ಕು. ಕಾರ್ನಾಡರು ಬಸವಣ್ಣನವರನ್ನು ಕುರಿತು ಬರೆದ 'ತಲೆದಂಡ' ನಾಲ್ಕು ದಿನ ವಾದಿಸಬೇಕಾದ ಗ್ರಂಥ. ನಾವು ಅದನ್ನು ಒಂದು ಸಂಜೆ ಓದಿ, ಅಭಿಪ್ರಾಯದ ಅಂಕಣದಲ್ಲಿ "ಚೆನ್ನಾಗಿದೆ" ಎಂದು ಬರೆದಿದ್ದೇವೆ. ಆ ಅಕ್ಷರ ಇಂದಿಗೂ ಅಲ್ಲಿದೆ, ಅಳಿಸಿಲ್ಲ.

ಕುವೆಂಪು ತಮ್ಮ ಕಾದಂಬರಿಯ ಮೊದಲಿಗೇ ಅವಸರದ ಬಗೆಗೆ ವಾಚಕನಿಗೆ ಒಂದು ಮಾತು ಹೇಳಿದ್ದಾರೆ. ಓದಿದವರಿಗೆ ಅದು ಗೊತ್ತು. ನಾವೂ ಓದಿದ್ದೆವು, ಓದಿಯೇ ಮುಚ್ಚಿಟ್ಟೆವು. ಮಠದಲ್ಲಿ ಶ್ರಾವಣ ಮಾಸವಿಡೀ ಚಾಮರಸನ ಪ್ರಭುಲಿಂಗಲೀಲೆಯ ಪುರಾಣ ನಡೆಯುತ್ತಿದ್ದುದು ಆಗ ನೆನಪಾಗಬೇಕಿತ್ತು. ಒಂದು ಊರು, ಒಂದು ತಿಂಗಳು, ಒಂದು ಗ್ರಂಥ. ಒಂದು ಪದ್ಯಕ್ಕೆ ಒಂದು ರಾತ್ರಿ ಹೋದರೂ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ವರ್ಷದ ಕೊನೆಗೆ ಲೆಕ್ಕ ಹೀಗೆ ನಿಂತಿತು: ವಚನ-ಶಾಸ್ತ್ರ 12, ಹಳೆಯ ಕಾವ್ಯ 7, ಹೊಸ ಕಾವ್ಯ 4, ಕಥೆ-ಕಾದಂಬರಿ 7, ನಾಟಕ 6, ಜೀವನಚರಿತ್ರೆ 4, ಪ್ರವಾಸ 2, ವಿಜ್ಞಾನ 2. ಒಟ್ಟು 44. ವಿಜ್ಞಾನದ ಎರಡನೆಯದು 'ಕರ್ವಾಲೊ' ಎಂಬುದನ್ನು ವಾಚಕರು ಊಹಿಸಿರಬಹುದು.

ಪಾಡ್ಯದ ಬೆಳಗ್ಗೆ ಕಪಾಟನ್ನು ಒರೆಸಿ ಪುಸ್ತಕಗಳನ್ನು ಜೋಡಿಸುತ್ತಿದ್ದೆವು. 'ಮಲೆಗಳಲ್ಲಿ ಮದುಮಗಳು' ತೆಗೆದಾಗ ನಾವಿಟ್ಟ ದಾರದ ಗುರುತು ಕಾಲು ಭಾಗದಲ್ಲಿಯೇ ಇತ್ತು. ಅದಕ್ಕಿಂತ ಬಹಳ ಮುಂದೆ, ಅರ್ಧವನ್ನು ದಾಟಿ, ಇನ್ನೊಂದು ಗುರುತು: ಬಸ್ಸಿನ ಟಿಕೇಟು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೇಟು. ಮನೆಯಲ್ಲಿ ಅದು ಯಾರ ಕೈಗೆ ಬರುತ್ತದೆಂಬುದಕ್ಕೆ ವಿಚಾರಣೆ ಬೇಕಿರಲಿಲ್ಲ.

ಸೊಸೆ ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದಳು. ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತೆವು. ಅವಳು ಗಾಬರಿಯಾದಳು. "ನಿಮಗ ಬೇಕಾಗಿದ್ರ ಒಯ್ರಿ ಮಾವಾರ. ನೀವು ಬಿಟ್ಟೀರಿ ಅಂತ ತಗೊಂಡಿದ್ದೆ" ಎಂದಳು. ಎಂದಿನಿಂದ ಓದುತ್ತಿರುವೆಯವ್ವಾ ಎಂದರೆ, ನವರಾತ್ರಿಗಿಂತ ಮೊದಲಿನಿಂದ ಎಂದಳು. ಯಾವಾಗ? ಎಲ್ಲರೂ ಮಲಗಿದ ಮೇಲೆ, ನಾಲ್ಕು ಪುಟ, ಕೆಲವೊಮ್ಮೆ ಹತ್ತು. ಅವಳು ಬಿ.ಎ.ವರೆಗೆ ಓದಿದವಳು, ತವರಿನಲ್ಲಿದ್ದಾಗ ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಮುಗಿಸಿದ್ದಳೆಂಬುದು ಮದುವೆಯಾಗಿ ಹದಿನಾಲ್ಕು ವರ್ಷಗಳಾದ ಮೇಲೆ ಅಂದು ನಮಗೆ ತಿಳಿಯಿತು. ಮೊಮ್ಮಗಳು ಒಳಗಿನಿಂದ ಕೆಂಪು ಪುಸ್ತಕ ತಂದು, ಅವ್ವನ ಹೆಸರಿನಲ್ಲಿಯೂ ಒಂದು ಖಾತೆ ತೆರೆಯಬೇಕೆಂದು ಹಟ ಹಿಡಿದಳು. ತೆರೆದೆವು. ಕಳೆದ ವರ್ಷದ ಲೆಕ್ಕ ಕೇಳಿ ಬರೆದುಕೊಂಡಳು: "ಒಂದೂವರಿ."

ಗ್ರಂಥಾಲಯಶಾಸ್ತ್ರದ ಎಸ್.ಆರ್. ರಂಗನಾಥನ್ ಎಂಬುವರಿದ್ದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸುವುದನ್ನು ಕುರಿತದ್ದು. ಕಪಾಟು, ಪಟ್ಟಿ, ಸಂಖ್ಯೆಗಳ ವಿಚಾರವೆಂದೇ ನಾವು ತಿಳಿದಿದ್ದೆವು. ನಮ್ಮ 44 ಗ್ರಂಥಗಳ ಹಿಂದೆ ಕಾಲ ಉಳಿಸಿಕೊಟ್ಟವರು ಯಾರು? ಬೆಳಗಿನ ಐದರಿಂದ ಏಳರವರೆಗೆ ನಾವು ಓದುತ್ತೇವೆ. ಆರಕ್ಕೆ ಚಹಾ ಮೇಜಿನ ಮೇಲೆ ಬರುತ್ತದೆ. ಮಧ್ಯಾಹ್ನ ಉಂಡು ಎದ್ದರೆ ಕನ್ನಡಕ ಹುಡುಕುವುದೊಂದೇ ನಮ್ಮ ಕೆಲಸ. ಮನೆಯಾಕೆ ಲಿಂಗೈಕ್ಯಳಾಗಿ ಆರು ವರ್ಷಗಳಾದವು. ಅವಳಿಗೂ ಓದು ಬರುತ್ತಿತ್ತು. ಅವಳು ಏನನ್ನು ಓದುತ್ತಿದ್ದಳು, ಏನನ್ನು ಓದಬೇಕೆಂದಿದ್ದಳು ಎಂಬುದು ನಮ್ಮ ಯಾವ ಖಿರ್ದಿಯಲ್ಲಿಯೂ ಇಲ್ಲ.

ಕಾರ್ತೀಕದಿಂದ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಸೊಸೆಯನ್ನು ಯಾರೂ ಕರೆಯಕೂಡದೆಂದು ಗೊತ್ತು ಮಾಡಿದೆವು. ಮೊಮ್ಮಗಳನ್ನು ಪಾಠಕ್ಕೆ ಬಿಡುವುದು, ಕಾಯಿಪಲ್ಯ ತರುವುದು, ಸೋಸುವುದು, ಸಂಜೆಯ ಚಹಾ, ಇವು ನಮ್ಮವು. ಮೊದಲ ವಾರ ಅವಳು ಆ ಹೊತ್ತಿನಲ್ಲಿ ಅರಿವೆಗಳಿಗೆ ಇಸ್ತ್ರಿ ಮಾಡಿದಳು. ಕೈ ಬಿಡುವಾದರೆ ಮನಸ್ಸು ಬಿಡುವಾಗುವುದಿಲ್ಲ. ಬಂದ ನೆಂಟರೊಬ್ಬರು ನಾವು ಮೆಂತೆ ಸೋಸುತ್ತಿದ್ದುದನ್ನು ಕಂಡು ಮಗನನ್ನು ಬದಿಗೆ ಕರೆದು ಏನೋ ಕೇಳಿದರು. ಎರಡನೆಯ ವಾರದ ಕೊನೆಗೆ ಹಿತ್ತಲ ಕಟ್ಟೆಯ ಮೇಲೆ ಅವಳು ಪುಸ್ತಕ ತೆರೆದು ಕುಳಿತಿದ್ದಳು.

ಈ ವರ್ಷದ ಖತಾವಣಿಯನ್ನು ಬದಲಿಸಿದ್ದೇವೆ. ಖಾತೆಗೆ ಆರಲ್ಲ, ಮೂರು. ದಪ್ಪ ಗ್ರಂಥಗಳಿಗೆ ಅನ್ಯಾಯವಾಗದಂತೆ ಪ್ರತಿ ಇನ್ನೂರು ಪುಟಗಳಿಗೆ ಒಂದು ಅಂಕ. ಅಭಿಪ್ರಾಯ ಬರೆಯದೆ ಅಂಕವಿಲ್ಲ. "ಚೆನ್ನಾಗಿದೆ" ಎಂಬುದು ಅಭಿಪ್ರಾಯವಲ್ಲ. ಮನೆಯ ನಾಲ್ವರಿಗೂ ಬೇರೆ ಬೇರೆ ಪುಟಗಳು. ಮಗನ ಪುಟ ಇನ್ನೂ ಬಿಳಿಯಾಗಿಯೇ ಇದೆ. ಅಧಿಕ ಜ್ಯೇಷ್ಠ ಬೀಳುವುದರಿಂದ ಈ ಸಲ ಪಾಡ್ಯದಿಂದ ಪಾಡ್ಯಕ್ಕೆ 384 ದಿನಗಳು. ಕಳೆದ ಸಲದ ನಷ್ಟ ಬಡ್ಡಿಸಹಿತ ಬಂದಿದೆ.

'ಮಲೆಗಳಲ್ಲಿ ಮದುಮಗಳು' ಮನೆಯಲ್ಲಿರುವುದು ಒಂದೇ ಪ್ರತಿ. ನಮ್ಮ ದಾರ ಇದ್ದಲ್ಲಿಯೇ ಇದೆ. ಪುಸ್ತಕ ಸೊಸೆಯ ಬಳಿ ಇದೆ. ಮೊನ್ನೆ ಚಹಾ ಕೊಡುವಾಗ ಎಷ್ಟು ಉಳಿಯಿತೆಂದು ಕೇಳಿದೆವು. ಬೆರಳಿನಿಂದ ಪುಟಗಳ ದಪ್ಪ ತೋರಿಸಿ, ಮತ್ತೆ ಓದಿನಲ್ಲಿ ತಲೆ ಬಗ್ಗಿಸಿದಳು. ತೊಂಬತ್ತು ಪುಟಗಳಿರಬಹುದು. ಅಲ್ಲಿಯವರೆಗೆ ನಾವು ಕಾಯಬೇಕು.