ಪೊಟ್ಟಣದ ಲೆಕ್ಕವೋ, ಕಿಲೋದ ಲೆಕ್ಕವೋ?

ಕಳೆದ ಆಡಳಿತ ಮಂಡಳಿಯ ಸಭೆಯಲ್ಲಿ ನಮ್ಮ ಆನ್‌ಲೈನ್ ಅಂಗಡಿಗೆ ಆರ್ಡರ್ ನಿರ್ವಹಣೆಯ ಸಾಫ್ಟ್‌ವೇರ್ ಒಂದನ್ನು ಕೊಳ್ಳುವ ವಿಷಯ ಬಂದು, ಚರ್ಚೆ ಸಾಕಷ್ಟು ಬಿಸಿಯಾಗಿ, ತೀರ್ಮಾನವಿಲ್ಲದೆ ಮುಂದಕ್ಕೆ ಹೋಯಿತು. ಸದಸ್ಯರಲ್ಲಿ ಕೆಲವರು ತಮ್ಮ ತೋಟದ ಹೆಸರಿನಲ್ಲೇ ಕಾಫಿಪುಡಿ, ಕಾಳುಮೆಣಸು, ಏಲಕ್ಕಿಗಳನ್ನು ಹೀಗೆಯೇ ಮಾರಲು ಹೊರಟಿರುವುದರಿಂದ, ಈ ವಿಚಾರವನ್ನು ಮಂಡಳಿಯ ಕೋಣೆಯೊಳಗೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ತೋರಿ ಇಲ್ಲಿ ಬರೆಯುತ್ತಿದ್ದೇವೆ.

ಹೋದ ದೀಪಾವಳಿಯ ಸಂಗತಿ ಹಲವರ ಕಿವಿಗೆ ಬಿದ್ದಿರಬಹುದು. ಕಾಲು ಕಿಲೋದ 60 ಪೊಟ್ಟಣ ಪೀಬೆರಿ ಕಾಫಿ ನಮ್ಮಲ್ಲಿತ್ತು. ಸ್ವಂತ ಆನ್‌ಲೈನ್ ಅಂಗಡಿಯಲ್ಲಿ 60 ಎಂದು ತೋರಿಸಿದೆವು. ನಾವು ಸರಕು ಇಟ್ಟಿರುವ ದೊಡ್ಡ ಜಾಲತಾಣದಲ್ಲೂ 60 ಎಂದು ತೋರಿಸಿದೆವು. ಸಂಘದ ಕೌಂಟರಿನಲ್ಲಿ ಕಪಾಟಿನಲ್ಲಿದ್ದಷ್ಟೂ ಮಾರುತ್ತ ಹೋದೆವು. ಮೂರೂ ಕಡೆ ಸೇರಿ 97 ಪೊಟ್ಟಣ ಮಾರಾಟವಾಯಿತು. ಇಲ್ಲದ 37 ಪೊಟ್ಟಣದ ಹಣವನ್ನು ಕ್ಷಮೆ ಕೇಳಿ ಹಿಂದಿರುಗಿಸಬೇಕಾಯಿತು. ಜಾಲತಾಣದವರು ಆರ್ಡರ್ ರದ್ದು ಮಾಡಿದ್ದಕ್ಕೆ ನಮ್ಮಿಂದಲೇ ದಂಡ ಹಿಡಿದರು. ಪೀಬೆರಿಯನ್ನು ಆರ್ಡರ್ ಬಂದಿತೆಂದು ಮಾಡಿಕೊಡಲಾಗುವುದಿಲ್ಲ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡಾಗಿ ಬೆಳೆದದ್ದನ್ನು ಆರಿಸಿ ತೆಗೆಯಬೇಕು, ಗಿಡ ಕೊಟ್ಟಷ್ಟೇ ಉಂಟು. ಮರುದಿನ ಪ್ಯಾಕಿಂಗಿನ ಗುಮಾಸ್ತೆಯ ಮೇಲೆ ಮಾತು ಬಂತು. ಆಕೆಯ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಒಂದು ದಾಸ್ತಾನಿಗೆ ಮೂರು ಪುಸ್ತಕ ಇಟ್ಟವರು ನಾವು.

1996ರಲ್ಲಿ ಕಾಫಿಯ ಪೂಲ್ ವ್ಯವಸ್ಥೆ ಪೂರ್ಣವಾಗಿ ತೆರವಾಗುವವರೆಗೆ ಕಾಫಿಯನ್ನು ಒಪ್ಪಿಸಿ ಕಂತು ಕಂತಾಗಿ ಬರುವ ಹಣಕ್ಕೆ ಕಾಯುವುದೇ ನಮ್ಮ ವ್ಯಾಪಾರವಾಗಿತ್ತು. ಕುಡಿಯುವವನು ಯಾರೆಂದು ನಮಗೂ, ಬೆಳೆದವನು ಯಾರೆಂದು ಅವನಿಗೂ ತಿಳಿದಿರಲಿಲ್ಲ. ಈಗ ಪೊಟ್ಟಣದ ಮೇಲೆ ನಮ್ಮ ಹೆಸರಿದೆ, ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಗ್ರಾಹಕರು ಆ ಹೆಸರನ್ನು ನಂಬಿ ಮುಂಗಡವಾಗಿಯೇ ಹಣ ಕಟ್ಟುತ್ತಾರೆ. ಆ 37 ಮಂದಿಯಲ್ಲಿ ಎಷ್ಟು ಜನ ಮತ್ತೆ ಬಂದರೆಂದು ಪುಸ್ತಕ ತೆಗೆದು ನೋಡಿದೆವು. ನಾಲ್ಕು.

ಆದಕಾರಣ ಸಾಫ್ಟ್‌ವೇರ್ ಬೇಕೇ ಬೇಡವೇ ಎಂಬ ಪ್ರಶ್ನೆ ಈಗಿಲ್ಲ. ಯಾವುದು ಎಂಬುದೇ ಪ್ರಶ್ನೆ. ಮಾರಲು ಬರುವವರು ತೋರಿಸುವುದು ಬಣ್ಣಬಣ್ಣದ ನಕ್ಷೆಗಳನ್ನು. ಯಾವ ಊರಿನವರು ಎಷ್ಟು ಕೊಂಡರು, ಯಾವ ಗಂಟೆಗೆ ಕೊಂಡರು ಎಂಬಿತ್ಯಾದಿ. ನೋಡಲು ಚೆನ್ನಾಗಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ್ದು ಒಂದೇ: ಇದು ನಮ್ಮ ದಾಸ್ತಾನನ್ನು ನಾವು ಇಟ್ಟುಕೊಂಡಿರುವ ರೀತಿಯಲ್ಲಿ ಎಣಿಸಬಲ್ಲದೇ?

ವಿವರಿಸುತ್ತೇವೆ. ಸೀರೆಯಂಗಡಿಯವನಿಗೆ ಒಂದು ಸೀರೆ ಎಂದರೆ ಒಂದು ಸೀರೆ; ಸಾಮಾನ್ಯವಾಗಿ ಈ ಸಾಫ್ಟ್‌ವೇರುಗಳು ಹುಟ್ಟಿರುವುದು ಅಂಥ ಸರಕಿಗೆ. ನಮ್ಮಲ್ಲಿರುವುದು ಹುರಿದ ಬೀಜದ ಮೂರು ದೊಡ್ಡ ಡಬ್ಬಿಗಳು: ಅರೇಬಿಕಾ, ರೊಬಸ್ಟಾ, ಎರಡೂ ಬೆರೆಸಿದ್ದು. ಇದನ್ನೇ ಇಡೀ ಬೀಜ, ತರಿಪುಡಿ, ನುಣ್ಣನೆ ಪುಡಿಯಾಗಿ ಕಾಲು ಮತ್ತು ಅರ್ಧ ಕಿಲೋದಲ್ಲಿ ಕೊಟ್ಟರೆ 18 ಹೆಸರಾಯಿತು. ಚಿಕೋರಿ ಶೇಕಡಾ 20 ಮತ್ತು 40 ಬೆರೆಸಿದ ಎರಡು ಬಗೆಯ ಪುಡಿಯನ್ನು ಅದೇ ಎರಡು ತೂಕದಲ್ಲಿ ಕೊಟ್ಟರೆ ಇನ್ನೂ 24. ಒಟ್ಟು 42 ಹೆಸರು, ಡಬ್ಬಿ ಮೂರೇ. ಸಾಫ್ಟ್‌ವೇರ್ ಈ 42ಕ್ಕೂ ಬೇರೆ ಬೇರೆ ಎಣಿಕೆ ಕೇಳಿದರೆ ಗುಮಾಸ್ತೆ ಏನು ಬರೆಯಬೇಕು? ಹೆಚ್ಚಾಗಿ ಬರೆದರೆ ದೀಪಾವಳಿಯ ಕಥೆ ಮರುಕಳಿಸುತ್ತದೆ. ಕಡಿಮೆ ಬರೆದರೆ ಡಬ್ಬಿಯಲ್ಲಿ ಕಾಫಿ ಇರುವಾಗಲೇ ಅಂಗಡಿ 'ಸರಕಿಲ್ಲ' ಎನ್ನುತ್ತದೆ, ಕಾಫಿ ಡಬ್ಬಿಯಲ್ಲೇ ಹಳತಾಗುತ್ತದೆ.

ಆದ್ದರಿಂದ ತೋರಿಸಲು ಬಂದವರ ಮುಂದೆ ಈ ಒಂದು ಲೆಕ್ಕವನ್ನು ಇಡಿ. ಶೇಕಡಾ 20 ಚಿಕೋರಿ ಬೆರೆತ ರೊಬಸ್ಟಾ ಅರ್ಧ ಕಿಲೋ ಒಂದು ಪೊಟ್ಟಣ ಮಾರಾಟವಾದರೆ, ರೊಬಸ್ಟಾ ಡಬ್ಬಿಯಿಂದ 400 ಗ್ರಾಂ, ಚಿಕೋರಿಯಿಂದ 100 ಗ್ರಾಂ, ಖಾಲಿ ಚೀಲದಿಂದ ಒಂದು ತಾನಾಗಿಯೇ ಕಳೆಯಬೇಕು. ಕಳೆದ ಕೂಡಲೇ ಮಿಕ್ಕ ರೊಬಸ್ಟಾ ಹೆಸರುಗಳೆಲ್ಲದರ ಲಭ್ಯತೆ, ಎಲ್ಲ ಅಂಗಡಿಗಳಲ್ಲೂ, ಅದಕ್ಕೆ ತಕ್ಕಂತೆ ಇಳಿಯಬೇಕು. ಇದನ್ನು ಅವರು ನಮ್ಮೆದುರಿಗೇ ಮಾಡಿ ತೋರಿಸಲಿ. 'ಆಗುತ್ತದೆ ಸಾರ್, ಆಮೇಲೆ ಮಾಡಿಕೊಡೋಣ' ಎಂದರೆ ಕಾಫಿ ಕುಡಿಸಿ ಕಳಿಸಿಕೊಡಿ.

ಹುರಿಯುವ ಹಂತವೂ ಲೆಕ್ಕಕ್ಕೆ ಸಿಗಬೇಕು. 100 ಕಿಲೋ ಹಸಿಬೀಜ ಹುರಿದರೆ ಹದಕ್ಕೆ ತಕ್ಕಂತೆ 15ರಿಂದ 20 ಕಿಲೋ ತೂಕ ಹೋಗುತ್ತದೆಂಬುದು ಬೆಳೆಗಾರರಿಗೆ ಹೇಳಬೇಕಾದ್ದಲ್ಲ. ಹಸಿಬೀಜದ ತೂಕವನ್ನೇ ಮಾರಾಟದ ದಾಸ್ತಾನೆಂದು ಹಿಡಿದ ಖಾತೆ ಮೊದಲ ದಿನದಿಂದಲೇ ಸುಳ್ಳು ಹೇಳುತ್ತದೆ.

ಅಡಿಕೆಯವರು ಇದೆಲ್ಲ ತಮಗೇಕೆ ಎನ್ನಬಹುದು. ನಿಜವಾಗಿ ನೋಡಿದರೆ ಈ ವಿಷಯದಲ್ಲಿ ಅಡಿಕೆಯ ಅಂಗಳವೇ ಕಾಫಿಗೆ ಗುರು. ಟೆಂಡರಿಗೆ ಇಟ್ಟ ಪ್ರತಿ ರಾಶಿಗೂ ಲಾಟ್ ನಂಬರ್ ಇರುತ್ತದೆ. ಯಾರ ಮಾಲು, ಎಷ್ಟು ತೂಕ, ಯಾವ ವ್ಯಾಪಾರಿಗೆ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಪಟ್ಟಿಯಾಗಿ ಸದಸ್ಯನ ಕೈಗೆ ಬರುತ್ತದೆ. ಒಬ್ಬರ ಚೀಲ ಎರಡು ಸಲ ಮಾರಾಟವಾದ ಉದಾಹರಣೆ ನಮ್ಮ ಅಂಗಳದಲ್ಲಿ ನಮಗೆ ನೆನಪಿಲ್ಲ. ಕಾಫಿಪುಡಿಗೂ ಅದೇ ಶಿಸ್ತು ಬೇಕು. ಯಾವ ದಿನ ಹುರಿದ ಯಾವ ಲಾಟು ಯಾವ ಆರ್ಡರಿಗೆ ಹೋಯಿತೆಂಬುದು ಸಾಫ್ಟ್‌ವೇರಿನಲ್ಲಿ ದಾಖಲಾದರೆ, ಒಂದು ದೂರು ಬಂದಾಗ ಅದೇ ಲಾಟಿನ ಉಳಿದ ಪೊಟ್ಟಣ ಪಡೆದವರಿಗೆ ನಾವೇ ಮುಂದಾಗಿ ಬರೆಯಬಹುದು.

ವಾಪಸು ಬರುವ ಪೊಟ್ಟಣದ ಬಗ್ಗೆ ಒಂದು ಮಾತು. ಬಟವಾಡೆಯ ವೇಳೆ ಹಣ ಕೊಡುತ್ತೇವೆಂದವರು ಬಾಗಿಲು ತೆರೆಯದೆ ಹೋದರೆ ಪೊಟ್ಟಣ ಹದಿನೈದು ದಿನ ಊರೂರು ಸುತ್ತಿ ನಮ್ಮಲ್ಲಿಗೇ ಬರುತ್ತದೆ. ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮದೇ. ಕೆಲವು ಸಾಫ್ಟ್‌ವೇರುಗಳಲ್ಲಿ 'ವಾಪಸು' ಎಂದು ಒತ್ತಿದೊಡನೆ ಆ ಪೊಟ್ಟಣ ದಾಸ್ತಾನಿಗೆ ಸೇರಿಬಿಡುತ್ತದೆ. ಪುಡಿಮಾಡಿದ ಕಾಫಿ ಅಷ್ಟು ದಿನ ಬಿಸಿಲಲ್ಲಿ ಲಾರಿಯಲ್ಲಿ ಕೂತು ಬಂದ ಮೇಲೆ ಹೊಸ ಗ್ರಾಹಕರಿಗೆ ಕಳಿಸಬಹುದಾದ ಸರಕಲ್ಲ. ವಾಪಸಾದದ್ದು ಬೇರೆ ಖಾನೆಗೆ ಹೋಗಿ, ನಮ್ಮವರು ತೆರೆದು ನೋಡಿದ ಮೇಲೆಯೇ ತೀರ್ಮಾನವಾಗುವಂತಿರಬೇಕು.

ತೆರಿಗೆಯ ವಿಷಯ ಬೇಸರದ್ದಾದರೂ ಬಿಡುವಂತಿಲ್ಲ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದ ಕಾಫಿಗೆ ಶೇಕಡಾ 5. ಇನ್‌ಸ್ಟಂಟ್ ಕಾಫಿಗೆ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಆಯಿತು. ಹೀಗೆ ದರ ಬದಲಾದ ದಿನ ಹಳೆಯ ಬಿಲ್ಲುಗಳು ಹಾಗೆಯೇ ಉಳಿದು ಹೊಸವು ಮಾತ್ರ ಬದಲಾಗಬೇಕು. ಜಾಲತಾಣದವರು ತಮ್ಮ ಕಮಿಷನ್, ಸಾಗಣೆ ಮತ್ತು 2024ರ ಜುಲೈ 10ರಿಂದ ಶೇಕಡಾ ಅರ್ಧಕ್ಕೆ ಇಳಿದ ಟಿಸಿಎಸ್ ಇವೆಲ್ಲವನ್ನೂ ಮುರಿದುಕೊಂಡು ಉಳಿದ ಹಣ ಕಳಿಸುತ್ತಾರೆ. ಯಾವ ಆರ್ಡರಿಗೆ ಎಷ್ಟು ಮುರಿದರೆಂದು ಹೊಂದಿಸಿ ನೋಡುವ ಅನುಕೂಲವಿಲ್ಲದಿದ್ದರೆ ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ಕಾರ್ಯದರ್ಶಿಗಳು, ಅರ್ಥಾತ್ ನಾವೇ.

ಹೆಸರುಗಳ ಬಗ್ಗೆ ಸದಸ್ಯರು ಕೇಳುತ್ತಿರುವುದರಿಂದ ಹೇಳುತ್ತೇವೆ. ಕೆನಡಾದ ಶಾಪಿಫೈಗೆ ತಿಂಗಳ ಬಾಡಿಗೆ. ಅಂಗಡಿ ಬೇಗ ತೆರೆಯಬಹುದು. ವೂಕಾಮರ್ಸ್ ಎಂಬುದು ಉಚಿತ, ಆದರೆ ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು, ಅವರು ಉಚಿತವಲ್ಲ. ಇವೆರಡೂ ಮೂಲತಃ ಅಂಗಡಿಗಳು. ಡಬ್ಬಿಯ ಲೆಕ್ಕಕ್ಕೆ ಮೇಲೆ ಬೇರೆ ಜೋಡಣೆ ಬೇಕಾಗುತ್ತದೆ. ಚೆನ್ನೈನ ಜೋಹೋದವರ ಇನ್ವೆಂಟರಿಯಲ್ಲಿ ಹಲವು ಸರಕು ಸೇರಿ ಒಂದಾಗುವ ಲೆಕ್ಕಕ್ಕೆ ಅವಕಾಶವಿದೆ. ಗುರುಗ್ರಾಮದ ಯೂನಿಕಾಮರ್ಸ್‌ನಂಥವು ಹತ್ತಾರು ಜಾಲತಾಣಗಳಲ್ಲಿ ಮಾರುವ ದೊಡ್ಡವರಿಗೆ ಹೊಂದುವಂಥವು. ದಿನಕ್ಕೆ ಹದಿನೈದು ಇಪ್ಪತ್ತು ಆರ್ಡರ್ ಬರುವ ನಮಗೆ ಅದು ಟಿಲ್ಲರ್ ಸಾಕಾದ ಕಡೆ ಜೆಸಿಬಿ ತಂದಂತೆ. ಕೆಲವೆಡೆ ತಿಂಗಳಿಗೆ ಇಷ್ಟು ಆರ್ಡರ್ ಎಂದು ಮಿತಿಯಿರುತ್ತದೆ, ಹಬ್ಬದ ತಿಂಗಳಲ್ಲಿ ಅದು ದಾಟಿದರೆ ಹೆಚ್ಚುವರಿ ಕಟ್ಟಬೇಕು. ಇದನ್ನು ಮೊದಲೇ ಕೇಳಿಕೊಳ್ಳಿ.

ಮಂಡಳಿಯ ಕಿರಿಯ ನಿರ್ದೇಶಕರೊಬ್ಬರು ದೊಡ್ಡದನ್ನೇ ತೆಗೆದುಕೊಳ್ಳೋಣ, ಮುಂದೆ ಬೆಳೆಯುತ್ತೇವಲ್ಲ ಎಂದರು. ಅವರ ಉತ್ಸಾಹ ನಮಗೂ ಇಷ್ಟವೇ. ಆದರೆ ಸಣ್ಣದರಿಂದ ದೊಡ್ಡದಕ್ಕೆ ಹೋಗಲು ಬೇಕಾದದ್ದು ನಮ್ಮ ಗ್ರಾಹಕರ ಪಟ್ಟಿ, ಹಳೆಯ ಆರ್ಡರುಗಳು ಮತ್ತು ದಾಸ್ತಾನಿನ ಖಾತೆ. ಇವು ಮೂರನ್ನೂ ಸಾಮಾನ್ಯ ಎಕ್ಸೆಲ್ ಪಟ್ಟಿಯಾಗಿ ನಾವು ಬಯಸಿದ ದಿನ ಇಳಿಸಿಕೊಳ್ಳುವಂತಿದ್ದರೆ ಇಂದು ಸಣ್ಣದು ಕೊಂಡು ನಾಳೆ ಬಿಡಲು ಅಡ್ಡಿಯಿಲ್ಲ. ಇಳಿಸಿಕೊಳ್ಳಲು ಬಿಡದ ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟರೂ ನಾವು ಬೇಡವೆನ್ನುತ್ತೇವೆ. ಹಳೆಯ ಸಾಲದ ಪುಸ್ತಕ ಸಾಹುಕಾರನ ಪೆಟ್ಟಿಗೆಯಲ್ಲಿದ್ದ ಕಾಲವನ್ನು ನಮ್ಮ ತಂದೆಯವರು ಕಂಡಿದ್ದರು.

ಮಳೆಗಾಲದ ಮಾತು ಒಂದು ಉಳಿಯಿತು. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಪ್ರತಿ ಸಂಜೆ ಬಾಕಿ ಆರ್ಡರುಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಮೊಳೆಗೆ ಚುಚ್ಚಿಡುವ ಪದ್ಧತಿಯನ್ನು ಗುಮಾಸ್ತೆಯೇ ಸೂಚಿಸಿದ್ದಾರೆ. ಯಾವ ಸಾಫ್ಟ್‌ವೇರ್ ಬಂದರೂ ಇದು ಮುಂದುವರಿಯುತ್ತದೆ.

ಎರಡು ಸಾಫ್ಟ್‌ವೇರುಗಳನ್ನು ಹದಿನೈದು ದಿನಗಳ ಮಟ್ಟಿಗೆ ಪರೀಕ್ಷೆಗೆ ತರಿಸುತ್ತಿದ್ದೇವೆ. ದೀಪಾವಳಿ ವಾರದ ಅದೇ 97 ಪೊಟ್ಟಣಗಳ ಆರ್ಡರನ್ನು ಎರಡರಲ್ಲೂ ಮತ್ತೊಮ್ಮೆ ಹಾಕಿಸಿ, 61ನೆಯದನ್ನು ಯಾವುದು ತಡೆಯುತ್ತದೆಂದು ನೋಡುವವರಿದ್ದೇವೆ. ನೋಡಲಿಚ್ಛಿಸುವ ಸದಸ್ಯರು ಸಂತೆಯ ದಿನ ಮಧ್ಯಾಹ್ನ ಮೂರರ ಮೇಲೆ ಕಚೇರಿಗೆ ಬರಬಹುದು. ಸ್ವಂತ ಹೆಸರಿನಲ್ಲಿ ಮಾರುತ್ತಿರುವವರು ತಮ್ಮ ಸರಕಿನ ಪಟ್ಟಿಯನ್ನೂ ತಂದರೆ, ಅದನ್ನೂ ಹಾಕಿ ನೋಡೋಣ.