ವಾಗ್ದಾನದ ಕಾರ್ಡಿಗೆ ಬಾರದ ವಚನ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಬಹಳಷ್ಟು ಸಭೆಗಳಲ್ಲಿ ವಾಗ್ದಾನದ ಕಾರ್ಡ್ ಎತ್ತಿಸುತ್ತಾರೆ. ತಟ್ಟೆ ತುಂಬ ಬಣ್ಣದ ಕಾರ್ಡುಗಳು, ಒಬ್ಬೊಬ್ಬರಿಗೆ ಒಂದು ವಚನ. ಅದು ಪರ್ಸಿನೊಳಗೆ ಹೋಗುತ್ತೆ, ಫ್ರಿಜ್ಜಿನ ಬಾಗಿಲಿಗೆ ಅಂಟುತ್ತೆ, ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ ಆಗುತ್ತೆ. ಜಯ, ಏಳಿಗೆ, ತೆರೆದ ಬಾಗಿಲು. ಈ ಪದ್ಧತಿ ನನಗೂ ಇಷ್ಟವೇ. ಆದರೆ ಇಷ್ಟು ವರ್ಷದಲ್ಲಿ ಯಾರ ಕೈಗೂ ಹಬಕ್ಕೂಕನ 3ನೇ ಅಧ್ಯಾಯದ 17ನೇ ವಚನ ಬಂದದ್ದು ನಾನು ನೋಡಿಲ್ಲ.

ಆ ವಚನದಲ್ಲಿರೋದು ಬರೀ ನಷ್ಟದ ಪಟ್ಟಿ. ಅಂಜೂರ ಹೂ ಬಿಟ್ಟಿಲ್ಲ, ದ್ರಾಕ್ಷಿ ಇಲ್ಲ, ಒಲೀವ್ ಮರ ಕೈ ಕೊಟ್ಟಿದೆ, ಹೊಲದಲ್ಲಿ ಬೆಳೆ ಇಲ್ಲ, ಕುರಿ ಹೋಯ್ತು, ದನ ಹೋಯ್ತು. ಆರಕ್ಕೆ ಆರೂ ಖಾಲಿ. ಆದರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನೋ ಮಾತು ಇದರ ಬೆನ್ನಿಗೇ ಬರುತ್ತೆ. ಅದಾದ ಮೇಲೆ ಬೆಟ್ಟದ ಮೇಲೆ ಜಿಂಕೆಯ ಹಾಗೆ ನಡೆಯುವ ಚಿತ್ರ. ಕಾರ್ಡ್ ಅಚ್ಚು ಹಾಕೋರು ಜಿಂಕೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ, ಖಾಲಿ ಕೊಟ್ಟಿಗೆಯನ್ನು ಅಲ್ಲೇ ಬಿಟ್ಟುಬಿಡುತ್ತಾರೆ.

ನಮ್ಮ ಕಡೆಯವರು ಅಂಜೂರದ ಜಾಗದಲ್ಲಿ ಅಡಿಕೆ ಅಂತ ಓದಿಕೊಂಡರೆ ಸಾಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲೆಚುಕ್ಕಿ ರೋಗ ಬಂದ ತೋಟ ನೋಡಿದ್ದೀರಾ? ಮೊದಲು ಕೆಳಗಿನ ಸೋಗೆಯಲ್ಲಿ ಸಣ್ಣ ಚುಕ್ಕಿ. ಚುಕ್ಕಿಗೆ ಚುಕ್ಕಿ ಸೇರಿ ಇಡೀ ಸೋಗೆ ಸುಟ್ಟ ಹಾಗೆ ಒಣಗುತ್ತೆ. ಇದು ಶಿಲೀಂಧ್ರದ ಕಾಟ, ಮಳೆ ಗಾಳಿಯಲ್ಲಿ ಹರಡುತ್ತೆ. ರೋಗದ ಸೋಗೆ ತೆಗೆದು ಸುಡಬೇಕು, ಔಷಧಿ ಹೊಡೆಸಬೇಕು. ಪಕ್ಕದ ತೋಟದವರೂ ಹೊಡೆಸದಿದ್ದರೆ ನಮ್ಮ ಖರ್ಚೆಲ್ಲ ನೀರಿಗೆ. ಅಪ್ಪ ನಿವೃತ್ತಿಯ ದುಡ್ಡಲ್ಲಿ ತಗೊಂಡಿದ್ದ ಎರಡು ಎಕರೆಗೆ ಈ ರೋಗ ಬಂತು. ಅದೇ ವರ್ಷ ಬೆಂಗಳೂರಲ್ಲಿ ನನ್ನ ಕೆಲಸವೂ ಹೋಯಿತು. ಹತ್ತು ನಿಮಿಷದ ವಿಡಿಯೋ ಕಾಲ್ ಅಷ್ಟೇ. ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್.

ಆಮೇಲೆ ಫೋನಿಗೆ ಜಯದ ವಚನಗಳ ಸುರಿಮಳೆ. ಕಳಿಸಿದವರ ಪ್ರೀತಿ ಸುಳ್ಳಲ್ಲ. ಆದರೆ ಯೆರಿಕೋ ಗೋಡೆ ಏಳನೇ ದಿನ ಬಿತ್ತು, ನನಗೆ ಏಳನೇ ತಿಂಗಳು ನಡೀತಿತ್ತು. ಅದಕ್ಕಿಂತ ಕಷ್ಟವಾದದ್ದು ಬೇರೆ. ಅದೇ ಟೀಮಲ್ಲಿ ಕೆಲಸ ಉಳಿಸಿಕೊಂಡ ಗೆಳೆಯನೊಬ್ಬ "ದೇವರ ಕೃಪೆ, ನಂದು ಉಳೀತು ಕಣೋ" ಅಂದ. ಪಾಪ, ಮನಸ್ಸಿನಿಂದಲೇ ಅಂದಿದ್ದು. ಹಾಗಾದ್ರೆ ಕಳಕೊಂಡ ನಮ್ಮ ಮೇಲೆ ಏನಿತ್ತು?

ಕಾರ್ಗಲ್‌ನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ರಾಜ್ಯಕ್ಕೆ ಬೆಳಕು ಬಂತು, ಶರಾವತಿ ಕಣಿವೆಯ ಊರೂರೇ ಮುಳುಗಿದವು. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲೀತನಕ ದಾಟೋಕೆ ಲಾಂಚೇ ಗತಿ. ನಮ್ಮಜ್ಜ ಆ ಅಣೆಕಟ್ಟಿನ ಕೂಲಿಗೆಂದೇ ಈ ಊರಿಗೆ ಬಂದವರು. ನಮ್ಮ ಮನೆ ಅನ್ನ ಹುಟ್ಟಿದ್ದು ಇನ್ನೊಬ್ಬರ ಗದ್ದೆ ಮುಳುಗಿದ ಜಾಗದಲ್ಲಿ. ಹಾಗಾಗಿ ಗೆದ್ದವರ ಪಟ್ಟಿ ನೋಡಿ ದೇವರು ಯಾರ ಕಡೆ ಅಂತ ಹೇಳೋಕೆ ನನ್ನ ಕೈಲಾಗಲ್ಲ.

ಕೆಲಸ ಇಲ್ಲದ ಆ ದಿನಗಳಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಜಯದ ವಚನ ಅಂದರೆ ಎಲ್ಲರೂ ತೋರಿಸೋದು ಅದನ್ನೇ. ಪೌಲ ಅಲ್ಲಿ ಹಸಿವು, ಬಟ್ಟೆಯಿಲ್ಲದ ಸ್ಥಿತಿ, ಅಪಾಯ, ಕತ್ತಿ ಎಲ್ಲವನ್ನೂ ಎಣಿಸುತ್ತಾನೆ. ಕೊಯ್ಯಲು ಒಯ್ಯುವ ಕುರಿಗಳಿಗೆ ನಮ್ಮನ್ನು ಹೋಲಿಸುವ ಕೀರ್ತನೆಯೊಂದನ್ನೂ ಮಧ್ಯೆ ತರುತ್ತಾನೆ. ಜಯದ ಮಾತು ಬರೋದು ಅದರ ಮರುಸಾಲಲ್ಲಿ. ಇವುಗಳಿಂದ ಪಾರಾಗಿ ಜಯ ಅಂತ ಅವನು ಬರೆಯಲಿಲ್ಲ, ಇವೆಲ್ಲದರ ಒಳಗೇ ಜಯ ಅಂದ. ಬರೆದವನನ್ನು ಕೊನೆಗೆ ರೋಮಿನಲ್ಲೇ ಕೊಂದರು ಅಂತ ಸಭೆಯ ಪರಂಪರೆ ಹೇಳುತ್ತೆ. ಜಯ ಅಂದರೆ ಕಷ್ಟ ತೀರೋದು ಅಂತಾದರೆ ಪೌಲನೇ ಸೋತವನು. ಅವನು ಹಿಡಿದದ್ದು ಒಂದೇ ಮಾತು: ಈ ಯಾವುದಕ್ಕೂ ನಮ್ಮನ್ನು ಕ್ರಿಸ್ತನ ಪ್ರೀತಿಯಿಂದ ಬಿಡಿಸೋಕೆ ಆಗಲ್ಲ. ಯೇಸು ಲೋಕವನ್ನು ಜಯಿಸಿದ್ದೇನೆ ಅಂದದ್ದೂ ಸೆರೆಯಾದ ರಾತ್ರಿಯೇ, ಶಿಲುಬೆಗೆ ಮುಂಚೆ. ಈ ವಾಗ್ದಾನದಲ್ಲಿ ಆಫರ್ ಲೆಟರ್ ಇಲ್ಲ, ಇದೆ ಅಂತ ಸಾರೋರನ್ನು ನಾನು ನಂಬಲ್ಲ. ಆದರೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಇಎಂಐ ಲೆಕ್ಕ ಹಾಕುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದು ಅಮ್ಮ. ನಮ್ಮ ಸಭೆಯಲ್ಲಿ ಭಾನುವಾರ ಸಾಕ್ಷಿ ಹೇಳೋ ಸಮಯ ಇರುತ್ತೆ. ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಎದ್ದು ನಿಲ್ಲೋದು ವಾಡಿಕೆ: ವೀಸಾ ಬಂತು, ಆಪರೇಷನ್ ಸರಿಹೋಯ್ತು, ಮದುವೆ ಕುದುರಿತು. ಆವತ್ತು ಅಮ್ಮ ಸೆರಗು ಸರಿ ಮಾಡಿಕೊಂಡು ಎದ್ದಳು. "ಮಗನಿಗೆ ಇನ್ನೂ ಕೆಲ್ಸ ಸಿಕ್ಕಿಲ್ಲ. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸ್ತಿದೀವಿ. ಕರ್ತನು ನಮ್ಮ ಜೊತೆ ಇದ್ದಾನೆ, ಸ್ತೋತ್ರ" ಅಂತ ಹೇಳಿ ಕೂತಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಇನ್ನೊಬ್ಬರು ಎದ್ದು ಮಗಳ ಡಯಾಲಿಸಿಸ್ ವಿಷಯ ಹೇಳಿದರು. ಮತ್ತೊಬ್ಬರು ಸಾಲದ ವಿಷಯ. ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ಕೂತವರು, ಯಾರಿಗೂ ಯಾರದೂ ಗೊತ್ತಿರಲಿಲ್ಲ. ಪಾಸ್ಟರ್ ಪ್ರಸಂಗ ಆವತ್ತು ಕಾಲು ಗಂಟೆಗೇ ಮುಗೀತು.

ಹಬಕ್ಕೂಕನ ಅಧ್ಯಾಯದ ಕೊನೆಯಲ್ಲಿ ಯಾರೂ ಗಮನಿಸದ ಒಂದು ಸೂಚನೆ ಇದೆ: ಇದು ಗಾಯಕರ ನಾಯಕನಿಗೆ, ತಂತಿ ವಾದ್ಯಗಳೊಂದಿಗೆ ಹಾಡಬೇಕಾದದ್ದು. ಅಷ್ಟು ನಷ್ಟದ ಪಟ್ಟಿ ಕೂಡ ಹತ್ತಾರು ಜನ ಸೇರಿ ಹಾಡೋಕೆ ಅಂತಲೇ ಇತ್ತು.

ಈಗ ನನಗೊಂದು ಕಾಂಟ್ರಾಕ್ಟ್ ಕೆಲಸ ಇದೆ, ಮೊದಲಿಗಿಂತ ಕಡಿಮೆ ಸಂಬಳ. ತೋಟದಲ್ಲಿ ಅರ್ಧ ಮರ ಚೇತರಿಸಿಕೊಂಡಿವೆ, ಉಳಿದವು ಹೇಳೋಕಾಗಲ್ಲ. ಹೋದ ಮಳೆಗಾಲದ ಶುರುವಲ್ಲಿ ಅಪ್ಪ ಖಾಲಿ ಗುಂಡಿಗಳಿಗೆಲ್ಲ ಹೊಸ ಸಸಿ ಇಟ್ಟರು. ಫಸಲು ಬರೋಕೆ ಐದಾರು ವರ್ಷ ಬೇಕು. ಅಪ್ಪನಿಗೆ ಈಗ 67. "ನೀರು ಬಿಡೋಕೆ ಭಾನುವಾರ ಆರಾಧನೆ ಮುಗಿಸ್ಕೊಂಡು ಬಾ" ಅಂದಿದಾರೆ.